ಗಣಕಕ್ಕೆ ವಂಶಾವಳಿ ಕೊಟ್ಟ ಕ್ರಿಸ್ಟನ್ ನ್ಯೂಗೋರ್

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಮಹನೀಯರ ಜೀವನಚರಿತ್ರೆಗಳಿಗೆ ಎಂದೂ ಕೊರತೆಯಾದುದಿಲ್ಲ. ಬಾದಾಮಿಯ ಚಾಲುಕ್ಯ ಅರಸರು, ಶರಣರು, ದೇಶಭಕ್ತರು, ವಿಜ್ಞಾನಿಗಳು ಎಲ್ಲರೂ ಸರದಿಯಂತೆ ಬಂದು ಹೋಗಿದ್ದಾರೆ. ಈ ಸಲ ನಾನು ವಾಚಕರ ಮುಂದೆ ತರುತ್ತಿರುವವರು ನಾರ್ವೆ ದೇಶದ ಕ್ರಿಸ್ಟನ್ ನ್ಯೂಗೋರ್. ಗಣಕಶಾಸ್ತ್ರವನ್ನು ಬಲ್ಲವರಲ್ಲಿ ಇವರ ಕೀರ್ತಿಯನ್ನು ಅರಿಯದವರು ವಿರಳ. ಇಂಗ್ಲಿಷರ ರೀತಿಯಲ್ಲಿ ಓದಿದರೆ ಈ ಹೆಸರು ನೈಗಾರ್ಡ್ ಎಂದಾಗುತ್ತದೆ. ಅವರ ನಾಡಿನವರು ಕೊನೆಯ ಅಕ್ಷರವನ್ನು ನುಂಗಿ ನ್ಯೂಗೋರ್ ಎನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಕಲಾ ವಿಭಾಗದವಳಾದ ನನಗೆ ಗಣಕದ ಗೊಡವೆ ಏತಕ್ಕೆ ಎಂದು ಕೆಲವರು ಕೇಳಿಯಾರು. ಹುನಗುಂದ, ಇಳಕಲ್ಲುಗಳ ಕಡೆಯಿಂದ ಬಸ್ಸಿನಲ್ಲಿ ಬರುವ ನಮ್ಮ ಗುಂಪಿನಲ್ಲಿ ಗಣಕ ಓದುವ ಗೆಳತಿಯರೂ ಇದ್ದಾರೆ. ಅವರ ಪಠ್ಯದಲ್ಲಿ ಸೂಪರ್ ಎಂಬ ಪದವೊಂದುಂಟು. ಸಿನಿಮಾ ನೋಡಿ ಬಂದವರು ಉದ್ಗರಿಸುವ ಸೂಪರ್‌ಗೂ ಇದಕ್ಕೂ ಸಂಬಂಧವಿಲ್ಲ. ಮಗನ ಸ್ಥಾನದಲ್ಲಿರುವ ಒಂದು ವಸ್ತು ತಂದೆಯ ಸ್ಥಾನದಲ್ಲಿರುವುದರ ಕೆಲಸವನ್ನು ಕರೆಯಬೇಕಾದಾಗ ಅದನ್ನು ಬಳಸುತ್ತಾರೆ. ಆ ತಂದೆ ಎಲ್ಲಿರುತ್ತಾನೆ? ಕರೆದಾಗ ಕೆಲಸ ಮಾಡುವವನು ತಂದೆಯೋ ಮಗನೋ? ಈ ಚರ್ಚೆ ಬಾಗಲಕೋಟೆ ಬಂದರೂ ಮುಗಿಯುತ್ತಿರಲಿಲ್ಲ. ಅದರ ಬೆನ್ನು ಹತ್ತಿ ಹೋದ ನನಗೆ ದೊರೆತವರು ನ್ಯೂಗೋರರು. ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದವಳಾದುದರಿಂದ ಅವರ ಜೀವನದ ಉತ್ತರಾರ್ಧವು ನನ್ನನ್ನು ಇನ್ನೂ ಹೆಚ್ಚಾಗಿ ಹಿಡಿದು ನಿಲ್ಲಿಸಿತು.

ನ್ಯೂಗೋರರು ೧೯೨೬ನೆಯ ಇಸವಿ ಆಗಸ್ಟ್ ೨೭ರಂದು ಓಸ್ಲೋ ನಗರದಲ್ಲಿ ಜನಿಸಿದರು. ಅವರಿಗೆ ಹದಿಮೂರು ವರ್ಷವಾಗಿದ್ದಾಗ, ೧೯೪೦ರ ಏಪ್ರಿಲಿನಲ್ಲಿ, ಜರ್ಮನ್ ಸೇನೆ ನಾರ್ವೆಯ ಮೇಲೆ ಬಿದ್ದಿತು. ಐದು ವರ್ಷ ಆ ನಾಡು ಪರರ ಕೈಕೆಳಗಿತ್ತು. ಯುದ್ಧ ಮುಗಿದ ತರುವಾಯ ಗಣಿತವನ್ನು ವ್ಯಾಸಂಗ ಮಾಡುತ್ತಿರುವಾಗಲೇ, ೧೯೪೮ರಲ್ಲಿ, ಕಡ್ಡಾಯ ಸೈನಿಕ ಸೇವೆಯ ಸಲುವಾಗಿ ಅವರು ದೇಶದ ರಕ್ಷಣಾ ಸಂಶೋಧನ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ಕೈಗೆ ಬಂದದ್ದು ಬಂದೂಕಲ್ಲ, ಲೆಕ್ಕದ ಹಾಳೆ. ನಾರ್ವೆಯ ಮೊದಲ ಪರಮಾಣು ಸ್ಥಾವರ ಏಳುತ್ತಿದ್ದ ಕಾಲವದು. ಅದರ ಯುರೇನಿಯಂ ಸರಳುಗಳು ಎಷ್ಟು ದಪ್ಪವಿರಬೇಕೆಂಬುದನ್ನು ಕಂಡುಹಿಡಿಯಬೇಕಾಗಿತ್ತು. ಸೂತ್ರಗಳ ಮಾರ್ಗ ಬಹಳ ಕ್ಲಿಷ್ಟವಾಗಿತ್ತು. ಕಣಗಳ ಪಯಣವನ್ನು ಪಗಡೆಯಾಟದ ಹಾಗೆ ಕಾಗದದ ಮೇಲೆ ಒಂದೊಂದಾಗಿ ಆಡಿಸಿ, ಅನೇಕ ಆಟಗಳ ಫಲವನ್ನು ಕೂಡಿಸಿ ಉತ್ತರವನ್ನು ಅಂದಾಜು ಮಾಡುವ ಒಂದು ಪದ್ಧತಿಯುಂಟು. ಜೂಜಿನ ಊರಿನ ಹೆಸರಿಟ್ಟು ಅದನ್ನು ಮಾಂಟೆ ಕಾರ್ಲೊ ಪದ್ಧತಿ ಎನ್ನುತ್ತಾರೆ. ಯುವಕ ನ್ಯೂಗೋರರು ಗಣಕದ ನೆರವಿಲ್ಲದೆ ಕೈಲೆಕ್ಕದಿಂದಲೇ ಅದನ್ನು ನಡೆಸಿದರು. ೧೯೫೬ರಲ್ಲಿ ಓಸ್ಲೋ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಅವರ ಪ್ರಬಂಧದ ವಿಷಯವೂ ಅದೇ.

ಲೋಕದ ವ್ಯವಹಾರವನ್ನು ಕಾಗದದ ಮೇಲೆ ಆಡಿಸಿ ನೋಡುವ ಈ ಚಟ ಅವರನ್ನು ಮುಂದೆಯೂ ಬಿಡಲಿಲ್ಲ. ಸೇನೆಯ ಕಾರ್ಯಾಚರಣೆಗಳ ಸಂಶೋಧನೆಯಲ್ಲಿ ಹಲವು ವರ್ಷ ಕಳೆದು, ೧೯೬೦ರಲ್ಲಿ ಅವರು ಓಸ್ಲೋದ ನಾರ್ವೇಜಿಯನ್ ಗಣಕ ಕೇಂದ್ರಕ್ಕೆ ಬಂದರು. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಕಾದಿರುವ ಸಾಮಾನು, ಅಂಗಡಿಯಲ್ಲಿ ಸಾಲುಗಟ್ಟಿದ ಗಿರಾಕಿಗಳು, ಬಂದರಿನ ಹಡಗುಗಳು, ಇವೆಲ್ಲವನ್ನೂ ಒಂದೇ ಬಗೆಯ ಭಾಷೆಯಲ್ಲಿ ವರ್ಣಿಸಲು ಬಂದರೆ ಹೇಗೆ? ಮನುಷ್ಯರು ಆ ವರ್ಣನೆಯನ್ನು ಓದಿ ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕು. ಗಣಕವೂ ಅದನ್ನೇ ಓದಿ ಆಡಿಸಿ ತೋರಿಸಬೇಕು. ೧೯೬೧ರ ಹೊತ್ತಿಗೆ ಈ ವಿಚಾರ ಅವರ ತಲೆಯಲ್ಲಿ ಮೂಡಿತ್ತು. ಆದರೆ ಗಣಕದ ಕ್ರಮವಿಧಿಗಳನ್ನು ಬರೆಯುವುದರಲ್ಲಿ ತಮಗಿಂತ ನಿಪುಣನಾದ ಜೊತೆಗಾರ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಆ ಜೊತೆಗಾರ ಊಲೆ ಯೋಹಾನ್ ಡಾಲ್. ೧೯೩೧ರಲ್ಲಿ ದಕ್ಷಿಣ ನಾರ್ವೆಯ ಮಾಂಡಾಲ್ ಎಂಬಲ್ಲಿ ಹುಟ್ಟಿದ ಇವರು ಅದೇ ರಕ್ಷಣಾ ಸಂಸ್ಥೆಯಲ್ಲಿ ೧೯೫೨ರಿಂದ ಪಳಗಿದವರು. ಮೃದು ಸ್ವಭಾವ, ಪಿಯಾನೋ ನುಡಿಸುವುದರಲ್ಲಿ ನಿಷ್ಣಾತರು. ನ್ಯೂಗೋರರದು ದೊಡ್ಡ ದನಿ, ದೊಡ್ಡ ಉತ್ಸಾಹ. ಇವರಿಬ್ಬರು ಕೂಡಿ ಸಿಮ್ಯುಲಾ ಎಂಬ ಭಾಷೆಯನ್ನು ಕಟ್ಟಿದರು. ನ್ಯೂಗೋರರ ವ್ಯವಹಾರ ಚಾತುರ್ಯವನ್ನೂ ಇಲ್ಲಿ ಹೇಳಬೇಕು. ೧೯೬೨ರಲ್ಲಿ ಅಮೆರಿಕದ ಯೂನಿವ್ಯಾಕ್ ಕಂಪನಿಯು ತನ್ನ ಹೊಸ ಗಣಕವನ್ನು ಮಾರಲು ಹವಣಿಸುತ್ತಿತ್ತು. ನಿಮ್ಮ ಯಂತ್ರಕ್ಕೆ ನಮ್ಮ ಭಾಷೆಯನ್ನು ಅಳವಡಿಸಿಕೊಡುತ್ತೇವೆ, ಯಂತ್ರವನ್ನು ಬಹಳ ಕಡಿಮೆ ಬೆಲೆಗೆ ಕೊಡಿ ಎಂಬ ಒಪ್ಪಂದವಾಯಿತು. ಹೀಗೆ ಯಂತ್ರ ಓಸ್ಲೋಕ್ಕೆ ಬಂದಿತು. ಸಿಮ್ಯುಲಾದ ಮೊದಲ ರೂಪ ೧೯೬೫ರ ಆರಂಭದ ಹೊತ್ತಿಗೆ ಅದರ ಮೇಲೆ ಓಡತೊಡಗಿತು.

ಅದಕ್ಕೆ ಮೊದಲಿನ ಭಾಷೆಗಳಲ್ಲಿ ಸಾಮಗ್ರಿ ಒಂದೆಡೆ, ಆಜ್ಞೆಗಳು ಇನ್ನೊಂದೆಡೆ ಇರುತ್ತಿದ್ದವು. ಸಿಮ್ಯುಲಾದಲ್ಲಿ ಪ್ರತಿಯೊಬ್ಬ ಪಾತ್ರಧಾರಿಯೂ ತನ್ನ ಮಾಹಿತಿಯನ್ನೂ ತನ್ನ ಕೆಲಸಗಳನ್ನೂ ತನ್ನ ಮೈಯಲ್ಲಿಯೇ ಇಟ್ಟುಕೊಂಡು ರಂಗದ ಮೇಲೆ ಬರುತ್ತಾನೆ. ಇಂತಹ ಪಾತ್ರಕ್ಕೆ ವಸ್ತು ಎಂದೂ, ಒಂದೇ ಬಗೆಯ ವಸ್ತುಗಳ ಅಚ್ಚಿಗೆ ವರ್ಗ ಎಂದೂ, ಅವುಗಳ ಕೆಲಸಕ್ಕೆ ಮೆಥಡ್ ಎಂದೂ ಇಂದಿನ ಪಠ್ಯಗಳು ಕರೆಯುತ್ತವೆ.

ತಂದೆ ಮಗನ ಸಂಬಂಧ ಹುಟ್ಟಿದ ಬಗೆ ಸ್ವಾರಸ್ಯವಾದುದು. ೧೯೬೬ರಲ್ಲಿ ಈ ಇಬ್ಬರು ಒಂದು ಸೇತುವೆ, ಅದರ ಸುಂಕದ ಕಟ್ಟೆ, ಕಟ್ಟೆಯ ಮುಂದೆ ಸಾಲುಗಟ್ಟಿದ ಲಾರಿ ಬಸ್ಸುಗಳ ಉದಾಹರಣೆಯನ್ನು ಹಿಡಿದು ಕುಳಿತಿದ್ದರು. ಇಳಕಲ್ಲಿನ ಕೆಂಪು ಗ್ರಾನೈಟ್ ಹೇರಿಕೊಂಡ ಲಾರಿಗಳ ಹಿಂದೆ ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಕಾದು ಕುಳಿತವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಸಾಲಿನಲ್ಲಿ ನಿಂತ ಪ್ರತಿಯೊಂದು ಗಾಡಿಗೂ ತನ್ನ ಮುಂದೆ ಯಾರು, ಹಿಂದೆ ಯಾರು ಎಂಬ ಅರಿವು ಬೇಕು. ಇದು ಲಾರಿಗೂ ಒಂದೇ, ಬಸ್ಸಿಗೂ ಒಂದೇ. ಆದರೆ ಲಾರಿಗೆ ಸರಕಿನ ತೂಕವುಂಟು, ಬಸ್ಸಿಗೆ ಪ್ರಯಾಣಿಕರ ಸಂಖ್ಯೆಯುಂಟು. ಸಮಾನವಾದ ಭಾಗವನ್ನು ಲಾರಿಗೊಮ್ಮೆ ಬಸ್ಸಿಗೊಮ್ಮೆ ಬರೆಯುವುದು ವ್ಯರ್ಥ ಶ್ರಮ. ಅದೇ ವರ್ಷ ಫ್ರಾನ್ಸ್ ದೇಶದ ಒಂದು ಬೇಸಗೆ ಶಿಬಿರದಲ್ಲಿ ಇಂಗ್ಲೆಂಡಿನ ಹೋರ್ ಎಂಬ ವಿದ್ವಾಂಸರು ದಾಖಲೆಗಳ ವರ್ಗ, ಉಪವರ್ಗಗಳನ್ನು ಕುರಿತು ನೀಡಿದ ಉಪನ್ಯಾಸಗಳು ಇವರಿಗೆ ದಾರಿ ತೋರಿದವು. ಪೂರ್ಣ ಪರಿಹಾರ ಮಾತ್ರ ಅಲ್ಲಿರಲಿಲ್ಲ. ಅದು ಹೊಳೆದದ್ದು ಆ ಚಳಿಗಾಲದಲ್ಲಿ. ಒಂದು ವಸ್ತುವಿಗೆ ಎರಡು ಪದರಗಳಿರಲಿ. ಸಾಲಿನಲ್ಲಿ ನಿಲ್ಲುವುದಕ್ಕೆ ಬೇಕಾದದ್ದೆಲ್ಲ ಮೊದಲ ಪದರದಲ್ಲಿ. ಲಾರಿತನ, ಬಸ್ಸುತನ ಎರಡನೆಯ ಪದರದಲ್ಲಿ. ಬರೆಯುವಾಗ ಮೊದಲ ಪದರದ ಹೆಸರನ್ನು ಎರಡನೆಯದರ ಹಿಂದೆ ಅಂಟಿಸಿದರೆ ಸಾಕು. ವ್ಯಾಕರಣ ಓದುವ ನಾವು ಸಮಾಸದಲ್ಲಿ ಪೂರ್ವಪದ, ಉತ್ತರಪದ ಎನ್ನುತ್ತೇವಲ್ಲ, ಹಾಗೆ ತಂದೆ ಪೂರ್ವಪದ, ಮಗ ಉತ್ತರಪದ.

ಇದನ್ನು ಅನುಕರಣವೆಂದು ತಿಳಿಯಬಾರದು. ಕಾಂಚಿಯ ಕೈಲಾಸನಾಥ ದೇವಾಲಯದ ಪ್ರಭಾವದಿಂದ ಪಟ್ಟದಕಲ್ಲಿನ ವಿರೂಪಾಕ್ಷ ಎದ್ದಿತು, ಅದರ ಪ್ರಭಾವ ಎಲ್ಲೋರದ ಕೈಲಾಸದ ಮೇಲಾಯಿತು ಎಂದು ನಾವು ಚರಿತ್ರೆಯಲ್ಲಿ ಓದುತ್ತೇವೆ. ಆದರೆ ನಾಳೆ ಕಾಂಚಿಯ ಗೋಡೆಗೆ ಹೊಸ ಕಂಬ ಹಚ್ಚಿದರೆ ಪಟ್ಟದಕಲ್ಲಿನಲ್ಲಿ ಏನೂ ಆಗದು. ತಂದೆ ವರ್ಗದ ಮಾತು ಬೇರೆ: ಅಲ್ಲಿ ಒಂದು ಸಾಲು ತಿದ್ದಿದರೆ ಮಕ್ಕಳ ವರ್ಗಗಳಲ್ಲೆಲ್ಲ ಅದು ತಿದ್ದುಪಡಿಯಾಗುತ್ತದೆ. ಇದಕ್ಕೆ ಸರಿಯಾದ ಹೋಲಿಕೆ ನಮ್ಮ ಇಳಕಲ್ ಸೀರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ರೇಷ್ಮೆ, ಕೆಂಪು ಪಟ್ಟಿಗಳ ನಡುವೆ ಬಿಳಿಯ ಪಟ್ಟಿ. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಕೂಡಿಸಿದ ಮೇಲೆ ಉಟ್ಟವಳಿಗೆ ಅದು ಒಂದೇ ಸೀರೆ. ಸೆರಗು ಎಳೆದರೆ ಒಡಲೂ ಬರುತ್ತದೆ.

ಆದುದರಿಂದ ತಂದೆ ಎಲ್ಲಿರುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಸುಲಭ. ಅವನು ಬೇರೊಂದು ಊರಿನಲ್ಲಿರುವ ಬೇರೊಂದು ವಸ್ತುವಲ್ಲ. ಮಗನ ವಸ್ತುವಿನೊಳಗೇ ಒಂದು ಪದರವಾಗಿರುತ್ತಾನೆ.

ಇನ್ನು ಕರೆಯುವ ಮಾತು. ಗಾಡಿ ಎಂಬ ತಂದೆ ವರ್ಗದಲ್ಲಿ ಸುಂಕ ಕಟ್ಟುವುದು ಎಂಬ ಕೆಲಸವಿದೆ ಎನ್ನೋಣ: ನಿಲ್ಲು, ದರ ಕೇಳು, ಹಣ ಕೊಡು. ಲಾರಿ ಎಂಬ ಮಗ ವರ್ಗವೂ ಅದೇ ಹೆಸರಿನ ಕೆಲಸವನ್ನು ತನ್ನದಾಗಿ ಬರೆದುಕೊಳ್ಳುತ್ತದೆ, ಏಕೆಂದರೆ ಅದು ತೂಕವನ್ನೂ ಮಾಡಿಸಬೇಕು. ಈಗ ಲಾರಿಗೆ ಸುಂಕ ಕಟ್ಟು ಎಂದರೆ ನಡೆಯುವುದು ಲಾರಿಯದು, ತಂದೆಯದು ಮರೆಯಾಗುತ್ತದೆ. ತೂಕವಾದ ಮೇಲೆ ತಂದೆಯ ಕ್ರಮವೇ ನಡೆಯಲಿ ಎಂದು ಲಾರಿಯವನು ತನ್ನ ಕೆಲಸದೊಳಗೆ ಬರಿದೆ ಸುಂಕ ಕಟ್ಟು ಎಂದು ಬರೆದನೋ, ಕೆಟ್ಟಿತು. ಅದು ತನ್ನನ್ನೇ ಕರೆದುಕೊಂಡು, ಮತ್ತೆ ತೂಕ ಮಾಡಿಸಿ, ಮತ್ತೆ ತನ್ನನ್ನೇ ಕರೆದುಕೊಂಡು, ಗಣಕದ ಸ್ಮೃತಿ ಬರಿದಾಗುವ ತನಕ ಸುತ್ತುತ್ತದೆ. ಆದುದರಿಂದ ನನ್ನದಲ್ಲ, ಮೇಲಿನ ಪದರದ್ದು ಎಂದು ಬಿಡಿಸಿ ಹೇಳಬೇಕು. ಸ್ಮಾಲ್‌ಟಾಕ್, ಜಾವಾ, ಪೈಥಾನ್ ಭಾಷೆಗಳಲ್ಲಿ ಸೂಪರ್ ಎಂಬ ಪದ ಮಾಡುವುದು ಇಷ್ಟನ್ನೇ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ತಂದೆ ವರ್ಗದ ಹೆಸರನ್ನೇ ಹೇಳಿ ಎರಡು ಜೋಡಿ ಚುಕ್ಕೆ ಹಾಕುತ್ತಾರೆ.

ಇಲ್ಲಿಯೇ ನಮ್ಮ ಬಸ್ಸಿನ ಜಗಳದ ಗಂಟು ಇರುವುದು. ಸೂಪರ್ ಎಂದು ಕರೆದಾಗ ತಂದೆಯ ಕ್ರಮ ನಡೆಯುತ್ತದೆ, ನಿಜ; ಆದರೆ ಅದನ್ನು ನಡೆಸುವವನು ಮಗನೇ. ತಂದೆಯ ಕ್ರಮದಲ್ಲಿ ದರ ಕೇಳು ಎಂಬ ಹೆಜ್ಜೆ ಬಂದಾಗ, ಲಾರಿಗೆ ತನ್ನದೇ ದರವಿದ್ದರೆ ಲಾರಿಯ ದರವೇ ಉತ್ತರವಾಗಿ ಬರುತ್ತದೆ. ತಂದೆಯ ಕ್ರಮವನ್ನು ಬರೆದವರಿಗೆ ಲಾರಿಯ ದರ ಗೊತ್ತಿರಲೇಬೇಕೆಂದಿಲ್ಲ. ಹೀಗೆ ಮುಂದೆ ಹುಟ್ಟುವ ಮಗನಿಗಾಗಿ ಹೆಸರನ್ನು ಮಾತ್ರ ಕಾದಿರಿಸುವ ಏರ್ಪಾಡನ್ನು ನ್ಯೂಗೋರ್ ಡಾಲರು ೧೯೬೭ರಲ್ಲಿ ಸಿಮ್ಯುಲಾದೊಳಗೆ ಸೇರಿಸಿದರು. ಅದಕ್ಕೆ ವರ್ಚುವಲ್ ಎಂದು ಹೆಸರಿಟ್ಟರು. ಆ ಹೆಸರು ಸಿ ಪ್ಲಸ್ ಪ್ಲಸ್‌ನಲ್ಲಿ ಇಂದಿಗೂ ಹಾಗೆಯೇ ಉಳಿದಿದೆ.

ಆಶ್ಚರ್ಯವೆಂದರೆ ತಂದೆ ಮಕ್ಕಳ ಸಂಬಂಧವನ್ನು ಗಣಕಕ್ಕೆ ಕೊಟ್ಟ ಈ ಭಾಷೆಯಲ್ಲಿ ಸೂಪರ್ ಎಂಬ ಪದವೇ ಇರಲಿಲ್ಲ. ಅವರ ವಿಚಾರ ತಿರುಗುಮುರುಗಾಗಿತ್ತು. ಮಗನು ಮೇಲಕ್ಕೆ ತಂದೆಯನ್ನು ಕರೆಯುವ ಬದಲು, ತಂದೆಯೇ ತನ್ನ ಕಾರ್ಯಕ್ರಮದ ನಡುವೆ ಒಂದು ಜಾಗವನ್ನು ಬಿಟ್ಟು, ಇಲ್ಲಿ ಮಗನ ಕೆಲಸ ಆಗಲಿ ಎನ್ನುತ್ತಾನೆ. ಆ ಜಾಗಕ್ಕೆ ಇನ್ನರ್, ಅಂದರೆ ಒಳಗಿನದು, ಎಂದು ಹೆಸರು. ಸಿಮ್ಯುಲಾದ ವರ್ಗವೊಂದರ ವಸ್ತು ಹುಟ್ಟುವಾಗ ಮೊದಲು ತಂದೆಯ ಕ್ರಮ ಆರಂಭವಾಗಿ, ಇನ್ನರ್ ಎಂಬಲ್ಲಿ ಮಗನದು ನಡೆದು, ತಂದೆಯ ಉಳಿದ ಭಾಗದಿಂದ ಮುಕ್ತಾಯವಾಗುತ್ತದೆ. ಸೂಪರ್ ಪದ್ಧತಿಯಲ್ಲಿ ತಂದೆಯನ್ನು ಕರೆಯುವುದೂ ಬಿಡುವುದೂ ಮಗನ ಇಚ್ಛೆ, ಮರೆತರೆ ಕೇಳುವವರಿಲ್ಲ. ಇನ್ನರ್ ಪದ್ಧತಿಯಲ್ಲಿ ಮಗನು ತಂದೆಯ ಕ್ರಮವನ್ನು ದಾಟಿ ಹೋಗಲಾರ. ಆದರೆ ತಂದೆ ಜಾಗ ಬಿಡದಿದ್ದಲ್ಲಿ ಏನನ್ನೂ ಸೇರಿಸಲಾರ. ಯಾವುದು ಮೇಲು? ಪಂಡಿತರಲ್ಲಿ ಒಮ್ಮತವಿಲ್ಲ. ಲೋಕವು ಬಹುಮಟ್ಟಿಗೆ ಸೂಪರ್ ಹಿಂದೆ ಹೋಯಿತು. ನ್ಯೂಗೋರರು ಮಾತ್ರ ಮುಂದೆ ಡೆನ್ಮಾರ್ಕಿನ ಗೆಳೆಯರೊಡನೆ ಕಟ್ಟಿದ ಬೀಟಾ ಭಾಷೆಯಲ್ಲಿಯೂ ಇನ್ನರ್ ಅನ್ನೇ ಉಳಿಸಿ, ವರ್ಗಗಳಿಗಷ್ಟೇ ಅಲ್ಲದೆ ಕೆಲಸಗಳಿಗೂ ಅದನ್ನು ವಿಸ್ತರಿಸಿದರು. ನಮ್ಮ ಮನೆಯ ಮಗ್ಗದ ಕ್ರಮ ಇನ್ನರ್‌ಗೆ ಹತ್ತಿರವೆಂದು ನನ್ನ ಎಣಿಕೆ. ಹಾಸು ಹೂಡುವುದು ಹಿರಿಯರ ಕ್ರಮ, ಕುಣಿಕೆ ಹಾಕುವುದು ಹಿರಿಯರ ಕ್ರಮ. ದಡಿಗೂ ಬಣ್ಣಕ್ಕೂ ಕಿರಿಯರಿಗೆ ಜಾಗ ಬಿಟ್ಟಿರುತ್ತಾರೆ.

ಈ ವಿಚಾರಗಳೇನೂ ಶಾಂತವಾಗಿ ಹುಟ್ಟಲಿಲ್ಲ. ೧೯೬೭ರ ವಸಂತದಲ್ಲಿ ಗಣಕ ಕೇಂದ್ರಕ್ಕೆ ಹೊಸದಾಗಿ ಸೇರಿದವರೊಬ್ಬರು ದೂರವಾಣಿ ನೋಡಿಕೊಳ್ಳುವಾಕೆಯ ಬಳಿಗೆ ಗಾಬರಿಯಿಂದ ಓಡಿ ಬಂದು, ಮೇಲಿನ ಮೊಗಸಾಲೆಯಲ್ಲಿ ಕರಿಹಲಗೆಯ ಮುಂದೆ ಇಬ್ಬರು ಭಯಂಕರವಾಗಿ ಕಾದಾಡುತ್ತಿದ್ದಾರೆಂದೂ ಏನು ಮಾಡಬೇಕೆಂದೂ ಕೇಳಿದರಂತೆ. ಆಕೆ ಒಂದು ಕ್ಷಣ ಕಿವಿಗೊಟ್ಟು, ಹೆದರುವ ಕಾರಣವಿಲ್ಲ, ಡಾಲ್ ನ್ಯೂಗೋರರು ಸಿಮ್ಯುಲಾ ಚರ್ಚಿಸುತ್ತಿದ್ದಾರೆ ಎಂದಳಂತೆ. ಅದೇ ಮೇ ತಿಂಗಳಲ್ಲಿ ಓಸ್ಲೋ ಸಮೀಪದ ಲೀಸೆಬೂ ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವರ್ಗ ಮತ್ತು ಉಪವರ್ಗಗಳನ್ನು ಕುರಿತ ಅವರ ಪ್ರಬಂಧ ಲೋಕಕ್ಕೆ ತಿಳಿಯಿತು. ಡಾಲರು ೧೯೬೮ರಲ್ಲಿ ಓಸ್ಲೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಮೆರಿಕದ ಅಲನ್ ಕೇ ಸಿಮ್ಯುಲಾದ ಮೊದಲ ರೂಪದಿಂದ ಸ್ಫೂರ್ತಿ ಪಡೆದು ಸ್ಮಾಲ್‌ಟಾಕ್‌ಗೆ ತಳಹದಿ ಹಾಕಿದರು. ಕೇಂಬ್ರಿಜ್‌ನಲ್ಲಿ ಸಿಮ್ಯುಲಾ ಬಳಸಿದ್ದ ಸ್ಟ್ರೌಸ್ಟ್ರಪ್ ೧೯೭೯ರಲ್ಲಿ ಸಿ ಭಾಷೆಗೆ ವರ್ಗಗಳನ್ನು ಕೂಡಿಸಲು ತೊಡಗಿದರು. ೧೯೯೫ರಲ್ಲಿ ಬಂದ ಜಾವಾ ಈ ವಂಶದ್ದೇ.

ಕೀರ್ತಿ ಬಂದಿತ್ತು. ಅಲ್ಲಿಗೇ ನಿಂತಿದ್ದರೆ ನ್ಯೂಗೋರರ ಜೀವನ ಮತ್ತೊಬ್ಬ ವಿಜ್ಞಾನಿಯ ಜೀವನವಾಗುತ್ತಿತ್ತು. ಆದರೆ ತಮ್ಮ ಭಾಷೆಯನ್ನು ಕಾರ್ಖಾನೆಗಳು ಹೇಗೆ ಬಳಸುತ್ತಿವೆಯೆಂಬುದನ್ನು ಕಂಡು ಅವರಿಗೆ ಕಸಿವಿಸಿಯಾಯಿತು. ಕೆಲಸವನ್ನು ಗಣಕದಲ್ಲಿ ಆಡಿಸಿ ಯೋಜಿಸುವವರು ಮೇಲಿನವರು. ಆ ಯೋಜನೆಯಂತೆ ದುಡಿಯುವವರು ಕೆಳಗಿನವರು. ಅವರ ಕೈಯಲ್ಲಿದ್ದ ಅರಿವನ್ನು ಯಾರೂ ಕೇಳುತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವಳಿಗೆ ಇದು ದೂರದ ಮಾತೆನಿಸಲಿಲ್ಲ. ವಿದ್ಯುತ್ ಮಗ್ಗಗಳು ಬಂದಾಗ ಕುಣಿಕೆ ಹಾಕುವ ಬೆರಳುಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

೧೯೭೦ರ ದಶಕದ ಆರಂಭದಲ್ಲಿ ನ್ಯೂಗೋರರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಒಂದು ಸಂಶೋಧನೆಗೆ ಕೈ ಹಾಕಿದರು. ಮೊದಲ ಯೋಚನೆಯಂತೆ ತಜ್ಞರು ಅಧ್ಯಯನ ಮಾಡಿ ವರದಿ ಬರೆಯಬೇಕಾಗಿತ್ತು. ಇದರಿಂದ ಕಾರ್ಮಿಕರಿಗೆ ಒಂದು ದಪ್ಪ ಪುಸ್ತಕ 'ದಕ್ಕುವುದೇ' ಹೊರತು ಬೇರೇನೂ ಇಲ್ಲವೆಂದು ಕಂಡು ಕ್ರಮವನ್ನೇ ಬದಲಾಯಿಸಿದರು. ಕಾರ್ಮಿಕರ ಸ್ಥಳೀಯ ಸಂಘಗಳು ತಾವೇ ಓದಿ, ತಾವೇ ಚರ್ಚಿಸಿ, ತಮ್ಮ ಕಾರ್ಖಾನೆಯಲ್ಲಿ ಏನು ಮಾಡುತ್ತವೆಯೋ ಅದೇ ಸಂಶೋಧನೆಯ ಫಲವೆಂದು ನಿಶ್ಚಯವಾಯಿತು. ಅವರಿಗಾಗಿ ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸಲಾಯಿತು. ಇದರ ಪರಿಣಾಮವಾಗಿ ಕಾರ್ಖಾನೆಗಳಲ್ಲಿ ಗಣಕವನ್ನು ತರುವ ಮುನ್ನ ಕಾರ್ಮಿಕರಿಗೆ ತಿಳಿಸಿ, ಅವರೊಡನೆ ಮಾತಾಡಬೇಕೆಂಬ ಒಪ್ಪಂದಗಳು ಹುಟ್ಟಿದವು. ೧೯೭೫ರಲ್ಲಿ ಇಂತಹದೊಂದು ಒಪ್ಪಂದ ರಾಷ್ಟ್ರಮಟ್ಟದಲ್ಲಿಯೂ ಆಯಿತು. ತಜ್ಞನು ತನ್ನ ಕ್ರಮದ ನಡುವೆ ದುಡಿಯುವವನಿಗೆ ಜಾಗ ಬಿಟ್ಟ ಈ ರೀತಿಯಲ್ಲಿ ನನಗೆ ಇನ್ನರ್ ಕಾಣುತ್ತದೆ. ಇದು ನನ್ನ ಕಲ್ಪನೆ. ಅವರ ಮೇಲೆ ಹೊರಿಸುವುದಿಲ್ಲ.

ರಾಜಕೀಯದಲ್ಲಿಯೂ ಅವರು ಸುಮ್ಮನಿರಲಿಲ್ಲ. ೧೯೯೦ರಿಂದ ೧೯೯೫ರವರೆಗೆ, ನಾರ್ವೆ ಐರೋಪ್ಯ ಒಕ್ಕೂಟವನ್ನು ಸೇರಬಾರದೆಂಬ ಚಳವಳಿಯ ನಾಯಕರಾಗಿದ್ದರು. ಆ ಸಂಘಟನೆಯ ಸದಸ್ಯರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ನಾರ್ವೆಯ ಒಟ್ಟು ಜನಸಂಖ್ಯೆ ಆಗ ಸುಮಾರು ನಲವತ್ತಮೂರು ಲಕ್ಷ. ೧೯೯೪ರ ನವೆಂಬರ್ ೨೮ರ ಜನಮತಗಣನೆಯಲ್ಲಿ ಶೇಕಡಾ ೫೨.೨ ಮಂದಿ ಬೇಡವೆಂದರು. ಅವರ ಈ ನಿಲುವನ್ನು ಒಪ್ಪದ ವಾಚಕರೂ ಇರಬಹುದು. ಗಣಿತಜ್ಞರೊಬ್ಬರು ಅರವತ್ತು ದಾಟಿದ ಮೇಲೆ ಇಡೀ ದೇಶವನ್ನು ಎದ್ದು ನಿಲ್ಲಿಸಿದ್ದನ್ನಂತೂ ಅಲ್ಲಗಳೆಯಲಾಗದು.

ಪ್ರಶಸ್ತಿಗಳು ತಡವಾಗಿ ಬಂದವು. ಗಣಕ ಜಗತ್ತಿನ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ೨೦೦೧ನೆಯ ಸಾಲಿಗೆ ಡಾಲ್, ನ್ಯೂಗೋರರಿಬ್ಬರಿಗೂ ಜೊತೆಯಾಗಿ ಸಂದಿತು. ಮರುವರ್ಷ, ೨೦೦೨ರ ಜೂನ್ ೨೯ರಂದು, ದೀರ್ಘ ಕಾಯಿಲೆಯಿಂದ ಡಾಲರು ತೀರಿಕೊಂಡರು. ಆರು ವಾರಗಳ ಮೇಲೆ, ಆಗಸ್ಟ್ ೧೦ರಂದು, ಹೃದಯಾಘಾತದಿಂದ ನ್ಯೂಗೋರರೂ ಹೋದರು. ಇಂದು ಓಸ್ಲೋ ವಿಶ್ವವಿದ್ಯಾಲಯದ ಗಣಕ ವಿಭಾಗದಲ್ಲಿ ಒಂದು ಕಟ್ಟಡಕ್ಕೆ ಡಾಲರ ಹೆಸರು, ಇನ್ನೊಂದಕ್ಕೆ ನ್ಯೂಗೋರರ ಹೆಸರು.

ಕೊನೆಯ ದಿನಗಳಲ್ಲಿ ಅವರು ತೊಡಗಿದ್ದ ಕೆಲಸ ನಮ್ಮಂಥ ಹೊಸಬರಿಗೆ ಸಂಬಂಧಿಸಿದ್ದು. ವರ್ಗ, ವಸ್ತು, ತಂದೆ, ಮಗ ಇವನ್ನು ಆರಂಭದ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕೆಂಬ ಯೋಜನೆಯೊಂದನ್ನು ಅವರು ಕೈಗೊಂಡಿದ್ದರು. ಪುಟ್ಟ ಪುಟ್ಟ ಲೆಕ್ಕಗಳಿಂದ ಆರಂಭಿಸುವುದು ಅವರಿಗೆ ಸೇರುತ್ತಿರಲಿಲ್ಲ. ಮೊದಲ ದಿನವೇ ಜೀವಂತವಾದ, ಸಾಕಷ್ಟು ತೊಡಕಾದ ಒಂದು ವ್ಯವಹಾರವನ್ನು ಹುಡುಗರ ಮುಂದಿಡಬೇಕೆಂಬುದು ಅವರ ಹಟ. ಅದಕ್ಕಾಗಿ ಅವರು ಆರಿಸಿದ್ದು ಒಂದು ಖಾನಾವಳಿಯನ್ನು: ಊಟಕ್ಕೆ ಬಂದವರು, ಬಡಿಸುವವರು, ಅಡಿಗೆಯವರು, ಗಲ್ಲೆಯ ಮೇಲೆ ಕುಳಿತವರು, ಎಲ್ಲರೂ ಏಕಕಾಲಕ್ಕೆ ತಮ್ಮ ತಮ್ಮ ಕೆಲಸದಲ್ಲಿ. ಆ ಯೋಜನೆ ನಡೆಯುತ್ತಿರುವಾಗಲೇ ಅವರು ತೀರಿಕೊಂಡರು. ಜೊತೆಯವರು ಅದನ್ನು ಮುಂದುವರಿಸಿದರು.